ಉರಿಗಾಂ, ಒಡಂಬಡಿಕೆ ಮತ್ತು ಒಂದು ಪ್ರಶ್ನೆ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗೋ ರೈಲಿನಲ್ಲಿ ಕೋರಮಂಡಲ್ ದಾಟಿದ ಮೇಲೆ ಸಿಗೋ ಸ್ಟೇಷನ್ನು ಉರಿಗಾಂ. ಕೆಜಿಎಫ್ ಅಂದ ತಕ್ಷಣ ಎಲ್ಲರೂ ಚಿನ್ನದ ಬಗ್ಗೆ ಮಾತಾಡ್ತಾರೆ, ಸೈನೈಡ್ ದಿಬ್ಬಗಳ ಬಗ್ಗೆ ಮಾತಾಡ್ತಾರೆ, ಈಗೀಗ ಸಿನಿಮಾ ಬಗ್ಗೆ. ನಾನು ಮಾತ್ರ ಇವತ್ತು ಒಂದು ಪದದ ಬಗ್ಗೆ ಬರೀಬೇಕು ಅಂತ ಕೂತಿದ್ದೀನಿ. ಆ ಪದ "ಒಡಂಬಡಿಕೆ".

ಕನ್ನಡ ಬೈಬಲ್ಲಿನಲ್ಲಿ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಅಂತ ಎರಡು ಭಾಗ ಇರೋದು ಎಲ್ಲರಿಗೂ ಗೊತ್ತು. ಉರಿಗಾಂನ ಲೈನು ಮನೆಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕೇಳಿಸುತ್ತೆ. ತಮಿಳು ಬೈಬಲ್ಲಿನ ಎರಡು ಭಾಗಗಳಿಗೆ "ಏರ್ಪಾಡು" ಅಂತ ಹೆಸರು, ಆದರೆ ಒಳಗಡೆ ದೇವರು ಮಾಡಿಕೊಳ್ಳೋ ಒಪ್ಪಂದಕ್ಕೆ "ಉಡನ್‌ಪಡಿಕ್ಕೈ", ಅಂದ್ರೆ ನಮ್ಮ ಒಡಂಬಡಿಕೆಯ ಅಕ್ಕನೋ ತಂಗಿಯೋ. ತೆಲುಗಿನಲ್ಲಿ ಎರಡಕ್ಕೂ "ನಿಬಂಧನ". ಒಂದರಲ್ಲಿ ವ್ಯವಸ್ಥೆ, ಇನ್ನೊಂದರಲ್ಲಿ ಷರತ್ತು, ಕನ್ನಡದಲ್ಲಿ ಇಬ್ಬರ ಒಪ್ಪಿಗೆ. ಒಂದೇ ಬೀದಿಯಲ್ಲಿ ಮೂರು ಅರ್ಥ!

ಮೂಲದಲ್ಲಿ ಏನಿದೆ? ಹೀಬ್ರೂ ಪದ "ಬೆರಿತ್". ಅದನ್ನು ಗ್ರೀಕಿಗೆ ತಂದವರ ಮುಂದೆ ಎರಡು ಪದ ಇದ್ದವು. ಸಮಾನರ ನಡುವಿನ ಒಪ್ಪಂದಕ್ಕೆ "ಸುಂಥೇಕೆ", ಒಬ್ಬನೇ ತನ್ನ ಇಚ್ಛೆಯಿಂದ ಬರೆದಿಡೋ ಉಯಿಲಿನಂಥದ್ದಕ್ಕೆ "ದಿಯಥೇಕೆ". ಅವರು ಆರಿಸಿದ್ದು ಎರಡನೆಯದನ್ನು. ಯಾಕೆ ಅನ್ನೋದಕ್ಕೆ ಆದಿಕಾಂಡದ 15ನೇ ಅಧ್ಯಾಯದ ಕಥೆ ನೋಡಬೇಕು. ಆ ಕಾಲದಲ್ಲಿ ಒಪ್ಪಂದ ಮಾಡಿಕೊಳ್ಳೋವಾಗ ಪ್ರಾಣಿಗಳನ್ನು ಸೀಳಿ ಎರಡು ಕಡೆ ಇಟ್ಟು ಮಧ್ಯೆ ನಡೆಯೋ ಪದ್ಧತಿ ಇತ್ತು. ಮಾತಿಗೆ ತಪ್ಪಿದರೆ ನನಗೂ ಇದೇ ಗತಿ ಆಗಲಿ ಅನ್ನೋ ಆಣೆ ಅದು. ಆದರೆ ಆ ಕಥೆಯಲ್ಲಿ ಅಬ್ರಹಾಮನಿಗೆ ಗಾಢ ನಿದ್ದೆ ಬಂದಿರುತ್ತೆ. ತುಂಡುಗಳ ಮಧ್ಯೆ ಹಾದು ಹೋಗೋದು ಹೊಗೆಯಾಡೋ ಒಲೆ ಮತ್ತು ಉರಿಯೋ ದೀವಟಿಗೆ, ಅಂದ್ರೆ ದೇವರು ಮಾತ್ರ. ಬಲಶಾಲಿಯೇ ಆಣೆ ಇಡ್ತಾನೆ, ದುರ್ಬಲ ಮಲಗಿರ್ತಾನೆ.

ಇದರ ಮೇಲೆ 16 ಮತ್ತು 17ನೇ ಶತಮಾನದಲ್ಲಿ ಯುರೋಪಿನ ಪ್ರೊಟೆಸ್ಟೆಂಟರು ಒಂದು ದೊಡ್ಡ ಸಿದ್ಧಾಂತವನ್ನೇ ಕಟ್ಟಿದರು. ಜ್ಯೂರಿಕ್‌ನ ಬುಲ್ಲಿಂಗರ್ 1534ರಲ್ಲಿ ಇದರ ಬಗ್ಗೆ ಪುಸ್ತಕ ಬರೆದ. ಇಂಗ್ಲೆಂಡಿನಲ್ಲಿ 1646ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ನಂಬಿಕೆಯ ಪ್ರಮಾಣ ಇದನ್ನು ಅಧ್ಯಾಯ ಅಧ್ಯಾಯವಾಗಿ ಜೋಡಿಸಿತು. ಆದಾಮನ ಜೊತೆಗಿನದ್ದು ಕ್ರಿಯೆಗಳ ಒಡಂಬಡಿಕೆ, ಅವನು ಸೋತ ಮೇಲೆ ಬಂದದ್ದು ಕೃಪೆಯ ಒಡಂಬಡಿಕೆ. ದೇವರಿಗೂ ಮನುಷ್ಯನಿಗೂ ಇರೋ ಅಂತರ ಎಷ್ಟು ದೊಡ್ಡದು ಅಂದ್ರೆ, ದೇವರು ತಾನಾಗಿ ಇಳಿದು ಬರದಿದ್ರೆ ಮನುಷ್ಯನಿಗೆ ಏನೂ ದಕ್ಕೋದಿಲ್ಲ ಅನ್ನೋದು ಸಾರಾಂಶ. ಯಾರು ಆಯ್ಕೆಯಾದವರು ಅನ್ನೋದು ದೇವರ ಗುಟ್ಟು, ಆ ವಿಷಯ ಮಾತಾಡೋವಾಗ ತುಂಬಾ ಎಚ್ಚರ ಇರಲಿ ಅಂತಲೂ ಅದು ಹೇಳುತ್ತೆ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ನಮಗೆ ಕಾಣೋದು ಇಂಟರ್‌ಫೇಸ್ ಮಾತ್ರ, ಸೋರ್ಸ್ ಕೋಡ್ ನೋಡಕ್ಕೆ ಪರ್ಮಿಷನ್ ಇಲ್ಲ.

ಸರಿ, ಇದಕ್ಕೂ ಉರಿಗಾಂಗೂ ಏನು ಸಂಬಂಧ?

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂತು. ಅವರು ಕರೆತಂದ ಗಣಿಗಾರರಲ್ಲಿ ಬಹಳ ಜನ ಇಂಗ್ಲೆಂಡಿನ ಕಾರ್ನ್‌ವಾಲ್‌ನವರು. ಅಲ್ಲಿಯ ತವರ, ತಾಮ್ರದ ಗಣಿಗಳು ಕುಸಿದಿದ್ದವು, ಕೆಲಸ ಗೊತ್ತಿದ್ದವರು ಜಗತ್ತಿನಾದ್ಯಂತ ಹೊರಟಿದ್ದರು. ಕಾರ್ನ್‌ವಾಲ್ ಮೆಥಡಿಸ್ಟರ ನಾಡು. ಜಾನ್ ವೆಸ್ಲಿ 1743ರಲ್ಲಿ ಮೊದಲ ಸಲ ಅಲ್ಲಿಗೆ ಹೋಗಿ, ಆಮೇಲೆ ವರ್ಷಗಟ್ಟಲೆ ಗಣಿಗಾರರಿಗೆ ಉಪದೇಶ ಮಾಡಿದ. ಗ್ವೆನ್ನಪ್ ಅನ್ನೋ ಊರಿನಲ್ಲಿ ಅವನು ನಿಂತು ಮಾತಾಡುತ್ತಿದ್ದ ಹಳ್ಳ ಕೂಡ ಹಳೇ ಗಣಿ ಕುಸಿದು ಆದದ್ದು ಅಂತ ಹೇಳ್ತಾರೆ.

ವೆಸ್ಲಿಗೆ ಆಯ್ಕೆಯ ಗುಟ್ಟಿನ ಮಾತು ಹಿಡಿಸಲಿಲ್ಲ. ಕೃಪೆ ಎಲ್ಲರಿಗೂ ಉಂಟು, ತಾನು ರಕ್ಷಣೆ ಹೊಂದಿದ್ದೀನಿ ಅಂತ ಮನುಷ್ಯ ಇಲ್ಲೇ, ಈಗಲೇ ತಿಳಿಯಬಹುದು ಅಂದ. ಜೊತೆಗೆ ಅದನ್ನು ಕಳೆದುಕೊಳ್ಳಲೂಬಹುದು ಅಂದ. ಇದೇ ವಿಷಯಕ್ಕೆ ಅವನಿಗೂ ಅವನ ಗೆಳೆಯ ಜಾರ್ಜ್ ವೈಟ್‌ಫೀಲ್ಡ್‌ಗೂ 1739ರಿಂದ ಜಗಳ ಶುರುವಾಯ್ತು. (ಅದೇ ರೈಲಿನ ದಾರಿಯಲ್ಲಿರೋ ನಮ್ಮ ವೈಟ್‌ಫೀಲ್ಡ್‌ಗೂ ಇವನಿಗೂ ಸಂಬಂಧ ಇಲ್ಲ. ಅದು ಆಂಗ್ಲೋ ಇಂಡಿಯನ್ನರಿಗಾಗಿ ಊರು ಕಟ್ಟಿಸಿದ ಡಿ.ಎಸ್. ವೈಟ್ ಅವರ ಹೆಸರು.) ವೈಟ್‌ಫೀಲ್ಡ್ ಪ್ರಕಾರ ದೇವರು ಹಿಡಿದ ಕೈ ಬಿಡೋದಿಲ್ಲ, ಆದರೆ ಹಿಡಿದಿದ್ದಾನೆ ಅನ್ನೋ ಖಾತ್ರಿ ಬರೋದು ನಿಧಾನ ಆಗಬಹುದು. ಒಬ್ಬನಿಗೆ ತಿಳಿಯೋದು ಸುಲಭ, ಕಳೆದುಕೊಳ್ಳೋ ಭಯ. ಇನ್ನೊಬ್ಬನಿಗೆ ಕಳೆದುಕೊಳ್ಳೋ ಭಯ ಇಲ್ಲ, ತಿಳಿಯೋದೇ ಕಷ್ಟ.

ಶ್ರೀವೈಷ್ಣವರ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ ಕೇಳಿದವರಿಗೆ ಇದು ಥಟ್ಟನೆ ಅರ್ಥ ಆಗುತ್ತೆ. ಕೋತಿ ಮರಿ ತಾನೇ ತಾಯಿಯನ್ನು ಗಟ್ಟಿಯಾಗಿ ಹಿಡ್ಕೋಬೇಕು. ಬೆಕ್ಕಿನ ಮರಿಯನ್ನು ತಾಯೇ ಕಚ್ಚಿ ಎತ್ಕೊಂಡು ಹೋಗುತ್ತೆ. ಪೂರ್ತಿ ಒಂದೇ ಅಲ್ಲ, ಆದರೆ ಪ್ರಶ್ನೆ ಅದೇ ಜಾತಿಯದ್ದು.

ಕೆಜಿಎಫ್‌ನಲ್ಲಿ ಕ್ಯಾಥೊಲಿಕರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಟ್ರೆಂಟ್ ಸಭೆ 1547ರಲ್ಲೇ ಇದಕ್ಕೆ ಮೂರನೇ ಉತ್ತರ ಕೊಟ್ಟಿತ್ತು. ದೇವರು ವಿಶೇಷವಾಗಿ ತಿಳಿಸದ ಹೊರತು, ತಾನು ಕೃಪೆ ಪಡೆದಿದ್ದೀನಿ ಅಂತ ಯಾರೂ ಸಂಪೂರ್ಣ ಖಚಿತವಾಗಿ ಹೇಳಲಾರರು, ಭರವಸೆ ಇಡಬಹುದು ಅಷ್ಟೆ.

ಈ ಪ್ರಶ್ನೆ ಪುಸ್ತಕದ್ದು ಅಂತ ಅನ್ನಿಸಬಹುದು. ಆದರೆ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆ ಒತ್ತಡ ತಡೀಲಾರದೆ ಸಿಡಿಯುತ್ತೆ, ಅದಕ್ಕೆ ರಾಕ್ ಬರ್ಸ್ಟ್ ಅಂತಾರೆ. ಎಲ್ಲಿ ಸಿಡಿಯಿತು ಅಂತ ಯಂತ್ರ ಇಟ್ಟು ಕಂಡುಹಿಡಿಯಬಹುದು. ಮುಂದಿನದು ಯಾವ ಗಳಿಗೆಯಲ್ಲಿ ಅಂತ ಹೇಳೋದು ಎಂಜಿನಿಯರುಗಳಿಗೂ ಆಗಲಿಲ್ಲ. ಹಾಗೆ ಸತ್ತವನಿಗೆ ಪಾದ್ರಿಯನ್ನು ಕರೆಸೋ ಸಮಯ ಇರೋಲ್ಲ, ಪ್ರಾರ್ಥನೆಯ ಒಂದು ಮಾತಿಗೂ ಇರೋಲ್ಲ. ಮನೆಯಲ್ಲಿ ಉಳಿದವಳ ಪ್ರಶ್ನೆ ಒಂದೇ: ಅವನಿಗೆ ಮೋಕ್ಷ ಸಿಕ್ಕಿತಾ?

ಇಲ್ಲಿಗೆ ಬಂದಾಗ ಮೂರು ಉತ್ತರಗಳೂ ಒಂದು ಕಡೆ ಬಂದು ನಿಲ್ಲುತ್ತವೆ ಅಂತ ನನಗೆ ಅನ್ನಿಸುತ್ತೆ. ಕ್ಯಾಥೊಲಿಕ್ ತನ್ನ ಬಗ್ಗೆಯೇ ಖಚಿತ ಹೇಳಲಾರ, ಇನ್ನೊಬ್ಬನ ಬಗ್ಗೆ ಹೇಗೆ ಹೇಳ್ತಾನೆ? ಮೆಥಡಿಸ್ಟನಿಗೆ ಖಾತ್ರಿ ಸಿಗೋದು ತನ್ನ ಎದೆಯೊಳಗೆ, ಪಕ್ಕದವನ ಎದೆಯೊಳಗಲ್ಲ. ಒಡಂಬಡಿಕೆಯವರಿಗೆ ಪಟ್ಟಿ ದೇವರ ಹತ್ತಿರ ಇದೆ. ಇನ್ನೊಬ್ಬನ ಲೆಕ್ಕ ಮುಗಿಸೋ ಅಧಿಕಾರ ಮೂವರೂ ಯಾರಿಗೂ ಕೊಡೋಲ್ಲ. ಆದರೆ ಮಲಗಿದ್ದ ಅಬ್ರಹಾಮನ ಕಥೆ ಇನ್ನೂ ಒಂದು ಮಾತು ಸೇರಿಸುತ್ತೆ. ಆಣೆ ಇಟ್ಟವನು ಇವನಲ್ಲ. ಹಾಗಾಗಿ ಕೊನೇ ಕ್ಷಣದಲ್ಲಿ ಇವನು ಏನಂದ, ಏನನ್ನಲಿಲ್ಲ ಅನ್ನೋದರ ಮೇಲೆ ಎಲ್ಲಾ ನಿಂತಿಲ್ಲ. ಗೊತ್ತಿಲ್ಲದೇ ಇರೋದು ಇಲ್ಲಿ ಶಿಕ್ಷೆ ಅಲ್ಲ, ಒಂದು ಥರ ರಕ್ಷಣೆ.

ಇದೇ ಊರಿನ ಇನ್ನೊಂದು ಒಪ್ಪಂದದ ಪಕ್ಕ ಇಟ್ಟು ನೋಡಿ. 1930ರಲ್ಲಿ ಕಂಪನಿಯವರು ಕಾರ್ಮಿಕರ ಬೆರಳಚ್ಚು ತಗೊಂಡು ನೋಂದಣಿ ಮಾಡೋಕೆ ಹೊರಟಾಗ ಗಣಿಯ ಸಾವಿರಾರು ಜನ ಮುಷ್ಕರ ಹೂಡಿದರು. ತಮ್ಮನ್ನು ಕಳ್ಳರ ಥರ ನೋಡ್ತಾರೆ ಅನ್ನೋ ಸಿಟ್ಟು ಅದರಲ್ಲಿತ್ತು. ಭೂಮಿಯ ಮೇಲಿನ ಒಡಂಬಡಿಕೆಯಲ್ಲಿ ಹೆಬ್ಬೆಟ್ಟು ಒತ್ತಬೇಕಾದವನು ದುರ್ಬಲ. ಭಾನುವಾರ ಅವನು ಕೇಳುತ್ತಿದ್ದದ್ದು ಇದರ ತಲೆಕೆಳಗಾದ ಕಥೆ. ಒಂದೇ ಪದ!

ಲಂಡನ್ ಮಿಷನ್ನಿನವರು 1810ರಲ್ಲಿ ಬಳ್ಳಾರಿಗೆ, ವೆಸ್ಲಿಯ ಕಡೆಯವರು 1821ರಲ್ಲಿ ಬೆಂಗಳೂರಿಗೆ ಬಂದಾಗ ಆ ಹಳೇ ಜಗಳದ ಎರಡೂ ಕಡೆಯವರು ಕನ್ನಡ ನಾಡಿಗೆ ಬಂದ ಹಾಗಾಯ್ತು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ತಂಡದ ಪೂರ್ತಿ ಕನ್ನಡ ಬೈಬಲ್ 1831ರಲ್ಲಿ ಬಂತು. ಕೊನೆಗೆ 27 ಸೆಪ್ಟೆಂಬರ್ 1947ರಂದು ಆಂಗ್ಲಿಕನ್ನರ ಜೊತೆ ಆ ಎರಡೂ ಕವಲುಗಳು ಸೇರಿ ದಕ್ಷಿಣ ಭಾರತ ಸಭೆ, ಅಂದ್ರೆ ಸಿಎಸ್ಐ ಆಯ್ತು. ವೆಸ್ಲಿ ಮತ್ತು ವೈಟ್‌ಫೀಲ್ಡ್ ಬಗೆಹರಿಸಲಾಗದ ಪ್ರಶ್ನೆಯನ್ನು ಇವರೂ ಬಗೆಹರಿಸಲಿಲ್ಲ. ಹಾಗೇ ಇಟ್ಟುಕೊಂಡು ಒಂದೇ ಬೆಂಚಿನಲ್ಲಿ ಕೂತರು.

ಗಣಿಗಳು 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ಸುಮಾರು 800 ಟನ್ ಚಿನ್ನ ಮೇಲೆ ಬಂದಿತ್ತು, ಅದರ ಲೆಕ್ಕ ಎಲ್ಲಾ ಪುಸ್ತಕದಲ್ಲಿದೆ. ಕೆಳಗೆ ಹೋಗಿ ವಾಪಸ್ ಬರದವರಲ್ಲಿ ಯಾರಿಗೆ ಏನು ಸಿಕ್ಕಿತು ಅನ್ನೋ ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ. ಇಲ್ಲದೇ ಇರೋದೇ ಒಳ್ಳೇದು ಅಂತ ನನಗನ್ನಿಸುತ್ತೆ.