ಪೈಪ್ ಟೆಸ್ಟ್‌ಗೆ ನೀರು ದಂಡವೇ? ಕಂಪ್ರೆಸರ್‌ನಿಂದ ಗಾಳಿ ತುಂಬಿಸುವ ಮುನ್ನ ಇದನ್ನು ಓದಿ

ಹೇಳಿಕೆ: "ಹೊಸ ಪೈಪ್‌ಲೈನ್ ಸೋರುತ್ತದೆಯೇ ಎಂದು ನೋಡಲು ನೀರು ದಂಡ ಮಾಡಬೇಡಿ. ಕಂಪ್ರೆಸರ್ ಹಚ್ಚಿ ಗಾಳಿ ತುಂಬಿಸಿದರೆ ಸಾಕು. ಗೋಡೆ ಒದ್ದೆಯಾಗಲ್ಲ, ಕೆಲಸವೂ ಬೇಗ ಮುಗಿಯುತ್ತೆ."

ನಿಜವೇನು: ಈ ಸಲಹೆ ಅಪಾಯಕಾರಿ. ಗಾಳಿ ತುಂಬಿದ ಪೈಪು ಒಡೆದರೆ ಸೋರುವುದಿಲ್ಲ, ಸಿಡಿಯುತ್ತದೆ. ಉಳಿಯುತ್ತದೆ ಎನ್ನುವ ನೀರೂ ಕೆಲವೇ ಬಕೆಟ್.

ವಿಜಯನಗರ, ಬಸವೇಶ್ವರನಗರದಂಥ ಬಡಾವಣೆಗಳಲ್ಲಿ ಹಳೆಯ ಮನೆ ಕೆಡವಿ ಮೂರು-ನಾಲ್ಕು ಅಂತಸ್ತು ಏರಿಸುವ ಕೆಲಸ ವರ್ಷವಿಡೀ ನಡೆದೇ ಇರುತ್ತದೆ. ಕೆಂಗೇರಿ ಕಡೆ ಅಪಾರ್ಟ್‌ಮೆಂಟುಗಳು ಏಳುತ್ತಲೇ ಇವೆ. ಗೋಡೆಯೊಳಗೆ ಪೈಪು ಹೂತು ಟೈಲ್ಸ್ ಅಂಟಿಸುವ ಮೊದಲು ಪ್ರೆಶರ್ ಟೆಸ್ಟ್ ಮಾಡಲೇಬೇಕು. ಆದರೆ ನೀರಿಗೆ ಬರ ಬಂದಾಗ ಗಾಳಿಯ ಉಪಾಯ ಜಾಣತನದಂತೆ ಕಾಣುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕಟ್ಟಡ ಕೆಲಸಕ್ಕೆ, ವಾಹನ ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಬಾರದು, ತಪ್ಪಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದು ಹಲವರಿಗೆ ನೆನಪಿರಬಹುದು. ಹಾಗಾಗಿ ಈ ಹೇಳಿಕೆಯನ್ನು ಲೆಕ್ಕ ಹಾಕಿಯೇ ನೋಡೋಣ.

ಎಷ್ಟು ನೀರು ಬೇಕು?

ಒಂದು ಇಂಚಿನ ಪೈಪು 100 ಮೀಟರ್ ಉದ್ದವಿದೆ ಎಂದುಕೊಳ್ಳಿ. ಅದರೊಳಗೆ ಹಿಡಿಯುವ ನೀರು ಸುಮಾರು 50 ಲೀಟರ್. ಅಂದರೆ ಮೂರು-ನಾಲ್ಕು ಬಕೆಟ್. ಟೆಸ್ಟ್ ಮುಗಿದ ಮೇಲೆ ಆ ನೀರನ್ನು ಗೋಡೆಯ ಕ್ಯೂರಿಂಗ್‌ಗೋ ಇನ್ನೊಂದು ಮಹಡಿಯ ಟೆಸ್ಟ್‌ಗೋ ಬಳಸಬಹುದು. ನೀರು ಉಳಿಸುವ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ಗಾಳಿಗೂ ನೀರಿಗೂ ಏನು ವ್ಯತ್ಯಾಸ?

ಸೂಜಿ ಇಲ್ಲದ ಒಂದು ಹೊಸ ಸಿರಿಂಜ್ ತೆಗೆದುಕೊಳ್ಳಿ. ಗಾಳಿ ಎಳೆದು, ತುದಿಯನ್ನು ಬೆರಳಿನಿಂದ ಮುಚ್ಚಿ, ಹಿಡಿಯನ್ನು ಒತ್ತಿ. ಅರ್ಧದಷ್ಟು ಒಳಗೆ ಹೋಗುತ್ತದೆ, ಬಿಟ್ಟರೆ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತದೆ. ಈಗ ನೀರು ತುಂಬಿ ಹಾಗೆಯೇ ಒತ್ತಿ. ಅಲುಗಾಡುವುದಿಲ್ಲ. ಗಾಳಿ ಕುಗ್ಗುತ್ತದೆ, ಕುಗ್ಗಿಸಲು ನಾವು ಹಾಕಿದ ಶಕ್ತಿಯನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ.

ಅದೇ 50 ಲೀಟರ್ ಪೈಪನ್ನು 10 ಬಾರ್ ಒತ್ತಡಕ್ಕೆ ಏರಿಸೋಣ. ಹತ್ತು ಮೀಟರ್ ಎತ್ತರದ ನೀರು ಕೆಳಗೆ ಒತ್ತುವಷ್ಟು ಒತ್ತಡ ಸರಿಸುಮಾರು ಒಂದು ಬಾರ್. ಕಾರಿನ ಟೈರಿನಲ್ಲಿರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು. ನೀರು ತುಂಬಿದ ಪೈಪಿಗೆ 10 ಬಾರ್ ಬರಿಸಲು, ನೀರಿನ ಕುಗ್ಗುವಿಕೆಯ ಲೆಕ್ಕದಲ್ಲಿ, ನಾಲ್ಕೈದು ಟೀ ಚಮಚದಷ್ಟು ನೀರನ್ನು ಹೆಚ್ಚಿಗೆ ಒತ್ತಿದರೆ ಆಯಿತು. ಗಾಳಿಯಾದರೆ ಹೊರಗಿನ 500 ಲೀಟರ್ ಗಾಳಿಯನ್ನು ಅದೇ ಪೈಪಿನೊಳಗೆ ತುರುಕಬೇಕು.

ಒಳಗೆ ಸೇರುವ ಶಕ್ತಿಯ ಲೆಕ್ಕ ಇನ್ನೂ ಬೆಚ್ಚಿಬೀಳಿಸುತ್ತದೆ. ನೀರಿನಲ್ಲಿ ಸೇರುವುದು ಒಂದು ಕೆಜಿ ಸಕ್ಕರೆ ಪೊಟ್ಟಣವನ್ನು ನೆಲದಿಂದ ಅಡುಗೆ ಕಟ್ಟೆಗೆ ಎತ್ತಿಡುವಷ್ಟು ಶಕ್ತಿ. ಗಾಳಿಯಲ್ಲಿ ಸೇರುವುದು 50 ಕೆಜಿ ಸಿಮೆಂಟ್ ಮೂಟೆಯನ್ನು ಸುಮಾರು 140 ಮೀಟರ್, ಅಂದರೆ ನಲವತ್ತಕ್ಕೂ ಹೆಚ್ಚು ಮಹಡಿ ಎತ್ತರಕ್ಕೆ ಎತ್ತುವಷ್ಟು ಶಕ್ತಿ! ಒತ್ತಡಕ್ಕೆ ಪೈಪು ತುಸು ಹಿಗ್ಗುವುದನ್ನು ಸೇರಿಸಿಕೊಂಡರೂ ನೀರು ಗಾಳಿಯ ಹತ್ತಿರಕ್ಕೂ ಬರುವುದಿಲ್ಲ. ಎರಡರಲ್ಲೂ ಗೇಜಿನ ಮುಳ್ಳು ತೋರಿಸುವುದು ಮಾತ್ರ ಅದೇ 10 ಬಾರ್.

ಜಾಯಿಂಟ್ ಬಿಟ್ಟರೆ ನೀರು ಚಿಮ್ಮುತ್ತದೆ, ಒತ್ತಡ ಕೂಡಲೇ ಇಳಿದುಹೋಗುತ್ತದೆ. ಗಾಳಿಯಾದರೆ ಹಿಗ್ಗುತ್ತಲೇ ಹೋಗಿ ಎಂಡ್ ಕ್ಯಾಪನ್ನೋ ಎಲ್ಬೋವನ್ನೋ ಗುಂಡಿನಂತೆ ಎಸೆಯಬಹುದು. ಮನೆಗಳಲ್ಲಿ ಬಳಸುವ ಪಿವಿಸಿ, ಸಿಪಿವಿಸಿ ಪೈಪುಗಳು ಗಾಳಿಯ ಒತ್ತಡದಲ್ಲಿ ಒಡೆದರೆ ಚೂಪಾದ ಚೂರುಗಳಾಗಿ ಸಿಡಿಯುತ್ತವೆ. ಹತ್ತಿರ ಬಗ್ಗಿ ನೋಡುತ್ತಿರುವ ಪ್ಲಂಬರ್ ಅಥವಾ ಹೆಲ್ಪರ್ ಹುಡುಗನ ಕಣ್ಣು, ಮುಖಕ್ಕೆ ಬಡಿಯುವುದು ಆ ಚೂರುಗಳೇ. ಈ ಪೈಪುಗಳನ್ನು ಗಾಳಿಯಿಂದ ಟೆಸ್ಟ್ ಮಾಡಬೇಡಿ ಎಂದು ತಯಾರಕರ ಕೈಪಿಡಿಗಳೇ ಎಚ್ಚರಿಸುತ್ತವೆ.

ಕಾರ್ಖಾನೆಗಳಲ್ಲಿ ಏನು ಮಾಡುತ್ತಾರೆ?

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್, ಕಾಮಾಕ್ಷಿಪಾಳ್ಯ, ಪೀಣ್ಯದ ಕಾರ್ಖಾನೆಗಳಿಗೂ ಇದೇ ವಿಜ್ಞಾನ. ಕೈಗಾರಿಕಾ ಪೈಪುಗಳಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎಎಸ್‌ಎಂಇ ಬಿ31.3 ಸಂಹಿತೆಯಲ್ಲಿ ಮೊದಲ ಆಯ್ಕೆ ನೀರು. ಪೈಪು ತಡೆಯಬೇಕಾದ ವಿನ್ಯಾಸ ಒತ್ತಡದ ಕನಿಷ್ಠ ಒಂದೂವರೆ ಪಟ್ಟು ಏರಿಸಿ, ಕನಿಷ್ಠ 10 ನಿಮಿಷ ಹಿಡಿದಿಟ್ಟು ನೋಡಬೇಕು. ನೀರು ಬಳಸಲು ಸಾಧ್ಯವೇ ಇಲ್ಲದ ಕಡೆ ಮಾತ್ರ ಗಾಳಿ ಅಥವಾ ನೈಟ್ರೋಜನ್. ಆಗಲೂ ಮೊದಲು ಕಡಿಮೆ ಒತ್ತಡದಲ್ಲಿ ಸೋರಿಕೆ ನೋಡಿ, ನಂತರ ಹಂತ ಹಂತವಾಗಿ ಏರಿಸಬೇಕು. ಒತ್ತಡ ಮಿತಿ ಮೀರಿದರೆ ತಾನೇ ಬಿಡುಗಡೆಯಾಗುವ ವಾಲ್ವ್ ಇರಲೇಬೇಕು.

ಒತ್ತಡದ ಪಾತ್ರೆಗಳ ಬಗ್ಗೆ ನಮ್ಮ ದೇಶ ಪಾಠ ಕಲಿತದ್ದು ಸಾವುನೋವಿನಿಂದಲೇ. 1863ರಲ್ಲಿ ಕಲ್ಕತ್ತೆಯಲ್ಲಿ ನಡೆದ ಬಾಯ್ಲರ್ ಸ್ಫೋಟದ ಬೆನ್ನಿಗೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. 1923ರಲ್ಲಿ ದೇಶವ್ಯಾಪಿ ಬಾಯ್ಲರ್ ಕಾಯ್ದೆಯಾಯಿತು. ಕರ್ನಾಟಕದಲ್ಲಿ ಈ ಹೊಣೆ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯದು. ಬಾಯ್ಲರ್‌ಗೂ ನೀರು ತುಂಬಿಯೇ ಒತ್ತಡದ ಪರೀಕ್ಷೆ ಮಾಡುತ್ತಾರೆ.

ಹಾಗಾದರೆ ಗ್ಯಾಸ್ ಪೈಪನ್ನು ಗಾಳಿಯಿಂದ ಟೆಸ್ಟ್ ಮಾಡುತ್ತಾರಲ್ಲ?

ನ್ಯಾಯವಾದ ಪ್ರಶ್ನೆ. ಬೆಂಗಳೂರಿನಲ್ಲಿ ಗೇಲ್ ಗ್ಯಾಸ್ ಸಂಸ್ಥೆ ಪೈಪಿನ ಮೂಲಕ ಮನೆಗಳಿಗೆ ಅಡುಗೆ ಅನಿಲ ಕೊಡುತ್ತಿದೆ. ಗ್ಯಾಸ್ ಪೈಪಿನೊಳಗೆ ನೀರು ಉಳಿದರೆ ತೊಂದರೆ, ಆದ್ದರಿಂದ ಮನೆಯೊಳಗಿನ ಲೈನಿಗೆ ಗಾಳಿಯ ಪರೀಕ್ಷೆ ರೂಢಿ. ಆದರೆ ಒಲೆಗೆ ಬರುವ ಪೈಪ್ ಗ್ಯಾಸಿನ ಒತ್ತಡ ಸುಮಾರು 21 ಮಿಲಿಬಾರ್ ಮಾತ್ರ, ಮೇಲಿನ ಲೆಕ್ಕದ 10 ಬಾರ್‌ನ ಐನೂರರಲ್ಲಿ ಒಂದು ಪಾಲಿನಷ್ಟು. ಪರೀಕ್ಷೆಯ ಒತ್ತಡ ಇದಕ್ಕಿಂತ ಹೆಚ್ಚಿರುತ್ತದೆ, ಅದನ್ನು ತರಬೇತಿ ಪಡೆದವರೇ ಗೇಜ್ ಇಟ್ಟು ಮಾಡುತ್ತಾರೆ. ಅದನ್ನು ನೋಡಿ ನೀರಿನ ಲೈನಿಗೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚುವುದು ಬೇಡ.

ನಿಮ್ಮ ಮನೆಯಲ್ಲಿ ಹೀಗೆ ಮಾಡಿಸಿ

• ಪೈಪಿಗೆ ಹಚ್ಚಿದ ಸಾಲ್ವೆಂಟ್ ಸಿಮೆಂಟ್ ಒಣಗಲು ಡಬ್ಬಿಯ ಮೇಲೆ ಹೇಳಿರುವಷ್ಟು ಸಮಯ ಬಿಡಿ.

• ನೀರನ್ನು ಕೆಳಗಿನಿಂದ ನಿಧಾನವಾಗಿ ತುಂಬಿಸಿ. ಎಲ್ಲಕ್ಕಿಂತ ಮೇಲಿನ ನಲ್ಲಿ ತೆರೆದಿಟ್ಟು ಒಳಗಿನ ಗಾಳಿಯನ್ನೆಲ್ಲ ಹೊರಬಿಡಿ. ನೀರಿನ ಟೆಸ್ಟ್‌ನಲ್ಲೂ ಒಳಗೆ ಸಿಕ್ಕಿಕೊಂಡ ಗಾಳಿಯೇ ಅಪಾಯ.

• ಕೈಯಿಂದ ಒತ್ತುವ ಟೆಸ್ಟ್ ಪಂಪ್ ಮತ್ತು ಸರಿಯಾದ ಗೇಜ್ ಬಳಸಿ. ಎಷ್ಟು ಒತ್ತಡ, ಎಷ್ಟು ಹೊತ್ತು ಎಂಬುದು ಪೈಪ್ ಕಂಪನಿಯ ಕೈಪಿಡಿಯಲ್ಲಿರುತ್ತದೆ.

• ಒತ್ತಡ ಏರಿಸುವಾಗ ಎಂಡ್ ಕ್ಯಾಪಿನ ಎದುರು ಯಾರೂ ನಿಲ್ಲಬಾರದು. ಮಕ್ಕಳನ್ನು ದೂರ ಇರಿಸಿ. ಕೆಲಸ ಮಾಡುವವರಿಗೆ ಕನ್ನಡಕ ಕೊಡಿಸಿ.

• ಸೋರಿಕೆ ಕಂಡರೆ ಮೊದಲು ಒತ್ತಡ ಪೂರ್ತಿ ಇಳಿಸಿ, ಆಮೇಲೆ ರಿಪೇರಿ. ಒತ್ತಡ ಇರುವಾಗಲೇ ಜಾಯಿಂಟ್ ಬಿಗಿ ಮಾಡಬಾರದು.

• ಗ್ಯಾಸ್ ಲೈನಿನ ಸೋರಿಕೆಯನ್ನು ಸೋಪಿನ ನೊರೆಯಿಂದ ನೋಡಬೇಕು. ಬೆಂಕಿಕಡ್ಡಿ ಗೀರಿ ನೋಡುವುದು ಎಂದಿಗೂ ಬೇಡ. ವಾಸನೆ ಬಂದರೆ ವಾಲ್ವ್ ಮುಚ್ಚಿ, ಕಿಟಕಿ ತೆರೆಯಿರಿ, ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದು ಸಿಲಿಂಡರ್‌ನವರು 1906ಕ್ಕೆ, ಪೈಪ್ ಗ್ಯಾಸ್‌ನವರು ಬಿಲ್ಲಿನಲ್ಲಿರುವ ತುರ್ತು ಸಂಖ್ಯೆಗೆ ಕರೆ ಮಾಡಿ.

ಕೊನೆಯದಾಗಿ: ಮೂರು-ನಾಲ್ಕು ಬಕೆಟ್ ನೀರು ಉಳಿಸಲು ಒಬ್ಬರ ಕಣ್ಣನ್ನು ಪಣಕ್ಕಿಡಬೇಕಾಗಿಲ್ಲ. ಗಾಳಿಯ ಸಲಹೆ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ನಿಮ್ಮ ಪ್ಲಂಬರ್‌ಗೆ, ಮೇಸ್ತ್ರಿಗೆ ಈ ಲೇಖನ ಕಳಿಸಿ.