ಗಡಿ ದಾಟಿದ ಕಾರು

1934ರ ಮಾರ್ಚ್ 3ರಂದು ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್ ಅಮೆರಿಕದ ಇಂಡಿಯಾನಾ ರಾಜ್ಯದ ಕ್ರೌನ್ ಪಾಯಿಂಟ್ ಜೈಲಿನಿಂದ ಪರಾರಿಯಾದ. ಓಡಿಹೋಗಲು ಅವನು ಹತ್ತಿದ್ದು ಅಲ್ಲಿನ ಶೆರಿಫ್ ಲಿಲಿಯನ್ ಹೋಲಿ ಅವರ ಕಾರನ್ನೇ! ಅದೇ ಕಾರಿನಲ್ಲಿ ಪಕ್ಕದ ಇಲಿನಾಯ್ ರಾಜ್ಯಕ್ಕೆ ನುಗ್ಗಿದ. ಬ್ಯಾಂಕ್ ಲೂಟಿ ಮಾಡಿದ್ದಕ್ಕಾಗಲಿ, ಜೈಲಿನಿಂದ ತಪ್ಪಿಸಿಕೊಂಡಿದ್ದಕ್ಕಾಗಲಿ ಅವನನ್ನು ಹಿಡಿಯುವ ಅಧಿಕಾರ ಆಗ ಕೇಂದ್ರದ ಪತ್ತೇದಾರರಿಗೆ ಇರಲಿಲ್ಲ. ಕದ್ದ ಕಾರು ಗಡಿ ದಾಟಿದೊಡನೆ ಆ ಅಧಿಕಾರ ಸಿಕ್ಕಿತು.

ಅದನ್ನು ಕೊಟ್ಟದ್ದು 1919ರ ಡೈಯರ್ ಕಾಯ್ದೆ. ಅದನ್ನು ಮಂಡಿಸಿದ ಸಂಸದ ಲಿಯೊನಿಡಾಸ್ ಡೈಯರ್ ಸೇಂಟ್ ಲೂಯಿಸ್ ನಗರದವರು. ಅಲ್ಲಿ ಮಿಸಿಸಿಪ್ಪಿ ಹೊಳೆ ದಾಟಿದರೆ ಬೇರೆ ರಾಜ್ಯ. ಕಳ್ಳ ಸೇತುವೆಯ ಆಚೆ ಹೋದರೆ ಈಚೆಯ ಪೊಲೀಸರ ಕೈ ಕಟ್ಟಿದ ಹಾಗೆ. ಕಳ್ಳತನವನ್ನು ಶಿಕ್ಷಿಸುವುದು ರಾಜ್ಯಗಳ ಕೆಲಸವಾದ್ದರಿಂದ, ಕಾಯ್ದೆ ಸಾಗಣೆಯನ್ನು ಹಿಡಿದುಕೊಂಡಿತು: ಕದ್ದದ್ದೆಂದು ಗೊತ್ತಿದ್ದೂ ವಾಹನವನ್ನು ಇನ್ನೊಂದು ರಾಜ್ಯಕ್ಕೆ ಒಯ್ದರೆ 5 ವರ್ಷಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ. ಅಂತರರಾಜ್ಯ ವ್ಯಾಪಾರದ ಮೇಲೆ ಸಂವಿಧಾನ ಕೇಂದ್ರಕ್ಕೆ ಕೊಟ್ಟ ಹಿಡಿತವೇ ಇದಕ್ಕೆ ಆಧಾರ. 1925ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಆದರೆ ವಾಹನ ಎಂದರೆ ಯಾವುದು? 1926ರಲ್ಲಿ ಇಲಿನಾಯ್‌ನಿಂದ ಓಕ್ಲಹೋಮಾಕ್ಕೆ ಕದ್ದ ವಿಮಾನವೊಂದು ಹಾರಿತು. ಅದನ್ನು ಸಾಗಿಸಿದ ಆರೋಪದ ಮೇಲೆ ಮೆಕ್‌ಬಾಯ್ಲ್ ಎಂಬಾತನಿಗೆ ಕೆಳ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು. 1931ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್ ಅದನ್ನು ರದ್ದುಮಾಡಿದರು. ಜನಸಾಮಾನ್ಯರ ಮನಸ್ಸಿನಲ್ಲಿ ಮೋಟಾರು ವಾಹನವೆಂದರೆ ನೆಲದ ಮೇಲೆ ಓಡುವಂಥದ್ದು; ಯಾವುದು ಅಪರಾಧವೆಂಬುದು ಅವರಿಗೆ ಮೊದಲೇ ತಿಳಿದಿರಬೇಕು ಎಂಬುದು ಹೋಮ್ಸ್ ಅವರ ವಾದ. ವಿಮಾನವನ್ನೂ ಕಾಯ್ದೆಗೆ ಸೇರಿಸಿದ್ದು 1945ರಲ್ಲಿ.

ಮೋಜಿಗಾಗಿ ಕಾರು ಒಯ್ದ ಹುಡುಗರೂ ಈ ಕಾಯ್ದೆಯಡಿ ಕೇಂದ್ರದ ಸೆರೆಮನೆ ಸೇರಿದರು. ಇತ್ತ ಕಸುಬುದಾರ ಕಳ್ಳರ ವರಸೆಯೂ ಬದಲಾಯಿತು. ಕದ್ದ ಊರಿನಲ್ಲೇ ಕಾರನ್ನು ಬಿಚ್ಚಿ ಬಾಗಿಲು, ಎಂಜಿನ್ನುಗಳನ್ನು ಬಿಡಿಯಾಗಿ ಮಾರಿದರೆ ಗಡಿಯ ಪ್ರಶ್ನೆಯೇ ಏಳುವುದಿಲ್ಲವಲ್ಲ!

ಹಾಗಾಗಿ ಕಾನೂನು ಬಿಡಿಭಾಗಗಳ ಬೆನ್ನುಹತ್ತಿತು. ಹೆಚ್ಚು ಕಳವಾಗುವ ಮಾದರಿಗಳ ಮುಖ್ಯ ಭಾಗಗಳ ಮೇಲೆ ಗುರುತಿನ ಸಂಖ್ಯೆ ಇರಬೇಕೆಂದು 1984ರ ಕಾಯ್ದೆ ಹೇಳಿತು. ಅದನ್ನು ಅಳಿಸುವುದೂ ತಿದ್ದುವುದೂ ಅಪರಾಧವಾಯಿತು. 1991ರಲ್ಲಿ ಅಮೆರಿಕದಲ್ಲಿ 16 ಲಕ್ಷಕ್ಕೂ ಹೆಚ್ಚು ವಾಹನಗಳು ಕಳವಾದವು. ಮರುವರ್ಷದ ಕಾಯ್ದೆ ಕದ್ದ ಕಾರು ಬಿಚ್ಚುವ ಗ್ಯಾರೇಜು ನಡೆಸುವವರಿಗೆ 15 ವರ್ಷಗಳವರೆಗೆ ಜೈಲು ಶಿಕ್ಷೆ ನಿಗದಿಪಡಿಸಿತು. ಕಾರನ್ನು ಗಡಿ ದಾಟಿಸಿದವನಿಗೆ ಡೈಯರ್ ಇಟ್ಟಿದ್ದ ಶಿಕ್ಷೆಯ ಮೂರು ಪಟ್ಟು ಅದು.