ನೆಪಿಯನ್: ಗೆರೆ ಬದಲಾದಂತೆ ಬದಲಾದ ಮತಚರಿತ್ರೆ

2022ರ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಒಬ್ಬ ಸದಸ್ಯರು ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, 2006ರಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ಚಂದ್ರ ಆರ್ಯ ಅವರು. ಆ ಪುಟ್ಟ ಭಾಷಣವನ್ನು ನಾವೆಲ್ಲ ಹೆಮ್ಮೆಯಿಂದ ಕೇಳಿದೆವು. ಆದರೆ ಅವರನ್ನು ಆರಿಸಿ ಕಳಿಸಿದ ಕ್ಷೇತ್ರದ ಕಥೆಯೂ ಅಷ್ಟೇ ಕುತೂಹಲಕರವಾದದ್ದು. ಅದರ ಹೆಸರು ನೆಪಿಯನ್.

ನೆಪಿಯನ್ ಇರುವುದು ರಾಜಧಾನಿ ಒಟ್ಟಾವದ ನೈಋತ್ಯ ಭಾಗದಲ್ಲಿ. 18ನೇ ಶತಮಾನದ ಬ್ರಿಟಿಷ್ ಅಧಿಕಾರಿ ಸರ್ ಇವಾನ್ ನೆಪಿಯನ್ ಅವರ ಹೆಸರನ್ನು ಈ ಪ್ರದೇಶಕ್ಕೆ ಇಡಲಾಯಿತು. ಬಹುಕಾಲ ಹೊಲಗದ್ದೆಗಳೇ ಇದ್ದ ಇಲ್ಲಿ ಎರಡನೇ ಮಹಾಯುದ್ಧದ ನಂತರ ಬಡಾವಣೆಗಳು ಎದ್ದವು. ಸರ್ಕಾರಿ ಕಚೇರಿಗಳ ನೌಕರರು ಬಂದು ಮನೆ ಮಾಡಿದರು. 1978ರಲ್ಲಿ ನೆಪಿಯನ್ ನಗರವೆನಿಸಿತು. 2001ರಲ್ಲಿ ಒಟ್ಟಾವ ಮಹಾನಗರದೊಳಗೆ ಸೇರಿಹೋಯಿತು. ಊರಿನ ಆಡಳಿತ ಹೋದರೂ ಹೆಸರು ಮಾತ್ರ ಮತಕ್ಷೇತ್ರದಲ್ಲಿ ಉಳಿಯಿತು.

ಕೆನಡಾದ ಜನ ಫೆಡರಲ್ ಮತಕ್ಷೇತ್ರವನ್ನು 'ರೈಡಿಂಗ್' ಎನ್ನುತ್ತಾರೆ. ಇದಕ್ಕೂ ಕುದುರೆ ಸವಾರಿಗೂ ಸಂಬಂಧವಿಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯವನ್ನು ಹಿಂದೆ ಮೂರು ಪಾಲು ಮಾಡಿದ್ದರು. ಮೂರನೇ ಒಂದು ಪಾಲು ಎಂಬ ಅರ್ಥದ ಹಳೆಯ ಪದವೇ ಸವೆದು ಹೀಗಾಗಿದೆ. ಅಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯಾದ ಮೇಲೆ ಪ್ರತಿ ಪ್ರಾಂತ್ಯದಲ್ಲೂ ಸ್ವತಂತ್ರ ಆಯೋಗ ಕುಳಿತು ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುತ್ತದೆ. 1964ರ ಕಾನೂನಿನಿಂದ ಬಂದ ಪದ್ಧತಿ ಇದು. ನಮ್ಮಲ್ಲಾದರೋ 1976ರ ಸಂವಿಧಾನ ತಿದ್ದುಪಡಿ ಲೋಕಸಭೆಯಲ್ಲಿ ಪ್ರತಿ ರಾಜ್ಯಕ್ಕೆ ಎಷ್ಟು ಸ್ಥಾನ ಎಂಬ ಲೆಕ್ಕವನ್ನು 1971ರ ಜನಗಣತಿಗೇ ಕಟ್ಟಿಹಾಕಿತು.

ಗೆರೆ ಬದಲಾದಂತೆ ನೆಪಿಯನ್‌ನ ಮತವೂ ಹೊರಳಿತು. 1979ರ ಚುನಾವಣೆಯಲ್ಲಿ ಅದು ಪಕ್ಕದ ಹಳ್ಳಿಗಾಡಿನೊಡನೆ ಸೇರಿ 'ನೆಪಿಯನ್-ಕಾರ್ಲ್‌ಟನ್' ಆಗಿತ್ತು. ಗೆದ್ದವರು ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ವಾಲ್ಟರ್ ಬೇಕರ್. 1984ರಲ್ಲೂ ಅದೇ ಪಕ್ಷ ಗೆದ್ದಿತು. 1988ರ ಹೊತ್ತಿಗೆ ನೆಪಿಯನ್ ಪ್ರತ್ಯೇಕ ಕ್ಷೇತ್ರವಾಯಿತು. ದೇಶದಲ್ಲಿ ಬ್ರಯನ್ ಮಲ್ರೋನಿ ಅವರ ಕನ್ಸರ್ವೇಟಿವ್ ಸರ್ಕಾರವೇ ಮರಳಿ ಬಂದರೂ ನೆಪಿಯನ್ ಮಾತ್ರ ಲಿಬರಲ್ ಪಕ್ಷದ ಬೆರಿಲ್ ಗ್ಯಾಫ್ನಿ ಅವರನ್ನು ಆರಿಸಿತು. 1997ರಲ್ಲಿ ಮತ್ತೆ ಹಳ್ಳಿಗಾಡಿನ ಜೊತೆ ಸೇರಿಸಿದರು. ಲಿಬರಲ್ ಪಕ್ಷದ ಡೇವಿಡ್ ಪ್ರ್ಯಾಟ್ ಎರಡು ಸಲ ಗೆದ್ದರು. ಆಗ ಬಲಪಂಥೀಯ ಮತಗಳು ಎರಡು ಪಕ್ಷಗಳಲ್ಲಿ ಹಂಚಿಹೋಗಿದ್ದವು. 2003ರ ಕೊನೆಗೆ ಆ ಎರಡೂ ಪಕ್ಷಗಳು ಒಂದಾದವು. ಮರುವರ್ಷವೇ, ರಕ್ಷಣಾ ಸಚಿವರಾಗಿದ್ದ ಪ್ರ್ಯಾಟ್ ಅವರನ್ನು 25 ವರ್ಷದ ಯುವಕನೊಬ್ಬ ಸೋಲಿಸಿದ. ಆತನೇ ಪಿಯರ್ ಪೊಯ್ಲಿಯೆವ್.

ಪೊಯ್ಲಿಯೆವ್ 2006, 2008, 2011ರಲ್ಲೂ ಗೆದ್ದರು. 2015ಕ್ಕೆ ಕ್ಷೇತ್ರ ಮತ್ತೆ ಎರಡು ಹೋಳಾಯಿತು. ಹಳ್ಳಿಗಾಡು ಹೆಚ್ಚಿದ್ದ ಕಾರ್ಲ್‌ಟನ್ ಅನ್ನು ಅವರು ಆರಿಸಿಕೊಂಡರು. ಬಾರ್‌ಹೇವನ್‌ನಂಥ ಬಡಾವಣೆಗಳಿದ್ದ ನೆಪಿಯನ್‌ನಲ್ಲಿ ಚಂದ್ರ ಆರ್ಯ ಲಿಬರಲ್ ಪಕ್ಷದಿಂದ ನಿಂತು ಅರ್ಧಕ್ಕಿಂತ ಹೆಚ್ಚು ಮತ ಪಡೆದರು. 2019 ಮತ್ತು 2021ರಲ್ಲೂ ಅವರೇ ಗೆದ್ದರು. ಆದರೆ ಮತಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಿತ್ತು.

2025 ಎರಡೂ ಹೋಳುಗಳಿಗೆ ಪರೀಕ್ಷೆಯ ವರ್ಷ. ಆರ್ಯ ಲಿಬರಲ್ ನಾಯಕತ್ವಕ್ಕೆ ಸ್ಪರ್ಧಿಸಲು ಹೊರಟಾಗ ಪಕ್ಷ ಒಪ್ಪಲಿಲ್ಲ. ಮಾರ್ಚ್‌ನಲ್ಲಿ ನೆಪಿಯನ್ ಟಿಕೆಟ್ಟನ್ನೂ ಹಿಂತೆಗೆದುಕೊಂಡಿತು. ಸಂಸತ್ ಸದಸ್ಯರಾಗದೆಯೇ ಆಗಷ್ಟೇ ಪ್ರಧಾನಿಯಾಗಿದ್ದ ಮಾರ್ಕ್ ಕಾರ್ನಿ ಅಲ್ಲಿ ನಿಂತರು. ಏಪ್ರಿಲ್ 28ರ ಚುನಾವಣೆಯಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ಪಕ್ಕದ ಕಾರ್ಲ್‌ಟನ್‌ನಲ್ಲಿ 91 ಮಂದಿ ಕಣದಲ್ಲಿದ್ದು ಮತಪತ್ರವೇ ಸುಮಾರು ಒಂದು ಮೀಟರ್ ಉದ್ದವಾಗಿತ್ತು. ಅಲ್ಲಿ ವಿರೋಧ ಪಕ್ಷದ ನಾಯಕ ಪೊಯ್ಲಿಯೆವ್ ಅವರೇ ಲಿಬರಲ್ ಪಕ್ಷದ ಬ್ರೂಸ್ ಫ್ಯಾಂಜಾಯ್ ಎದುರು ನಾಲ್ಕು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಬಳಿಕ ಅವರಿಗಾಗಿ ಆಲ್ಬರ್ಟಾ ಪ್ರಾಂತ್ಯದಲ್ಲಿ ಸ್ವಪಕ್ಷೀಯರೊಬ್ಬರು ರಾಜೀನಾಮೆ ಕೊಟ್ಟರು. ಆಗಸ್ಟ್‌ನ ಉಪಚುನಾವಣೆಯಲ್ಲಿ ಅವರು ಅಲ್ಲಿಂದ ಗೆದ್ದು ಬಂದರು. 1978ರಲ್ಲಿ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರನ್ನು ಬಿಟ್ಟುಕೊಟ್ಟದ್ದು ನಮ್ಮ ಹಿರಿಯ ಓದುಗರಿಗೆ ನೆನಪಾಗಬಹುದು.

ಹಾಗಾದರೆ ಕ್ಷೇತ್ರ ಯಾರದು? ಮೂರು ಬಾರಿ ಗೆದ್ದವರ ಟಿಕೆಟ್ ಒಂದೇ ದಿನದಲ್ಲಿ ಕೈತಪ್ಪಿತು. ಅಂದರೆ ಪಕ್ಷದ ಮುಂದೆ ವ್ಯಕ್ತಿ ಚಿಕ್ಕವನು. ಆದರೆ ಅದೇ ವರ್ಷ ಪಕ್ಕದಲ್ಲಿ, ಎರಡು ದಶಕ ಆ ನೆಲವನ್ನು ಪ್ರತಿನಿಧಿಸಿದ ನಾಯಕನನ್ನೂ ಮತದಾರರು ಮನೆಗೆ ಕಳಿಸಿದರು. ಗೆರೆ ಎಳೆಯುವುದು ಆಯೋಗ, ಟಿಕೆಟ್ ಕೊಡುವುದು ಪಕ್ಷ. ಆದರೂ ಕೊನೆಯ ಮಾತು ಮತದಾರನದೇ ಎಂಬುದಕ್ಕೆ ಈ ಅಕ್ಕಪಕ್ಕದ ಎರಡು ಕ್ಷೇತ್ರಗಳೇ ಸಾಕ್ಷಿ.